ಡೋರ್ನಕಲ್ಲಿನಲ್ಲಿ ಮೂರು ಗಂಟೆ

ಹೈದರಾಬಾದಿನ ಕನ್ನಡಿಗರು ಭದ್ರಾಚಲದ ರಾಮನನ್ನು ನೋಡಿಬರೋಣವೆಂದು ರೈಲು ಹತ್ತಿದರೆ ಡೋರ್ನಕಲ್ ಜಂಕ್ಷನ್ನನ್ನು ದಾಟದೆ ವಿಧಿಯಿಲ್ಲ. ಸಿಕಂದರಾಬಾದಿನಿಂದ ಹೊರಟು, ಕಾಜೀಪೇಟೆ, ಮಹಬೂಬಾಬಾದುಗಳನ್ನು ಕಳೆದು, ಇನ್ನೂರು ಕಿಲೋಮೀಟರಿಗೆ ಮಿಕ್ಕು ದೂರ ಬಂದ ಮೇಲೆ ಈ ನಿಲ್ದಾಣ. ಇಲ್ಲಿಂದ ಮುಖ್ಯ ಹಾದಿ ಖಮ್ಮಂ, ವಿಜಯವಾಡಗಳ ಕಡೆಗೆ ಸಾಗುತ್ತದೆ. ಕವಲು ಹಾದಿ ಕಲ್ಲಿದ್ದಲ ಸೀಮೆಯ ಕೊತ್ತಗೂಡೆಮ್ಮಿಗೆ, ಎಂದರೆ ಭದ್ರಾಚಲಂ ರೋಡ್ ನಿಲ್ದಾಣಕ್ಕೆ ತಿರುಗುತ್ತದೆ. ಈ ಹಾದಿಯಲ್ಲಿ ನಾವು ಎಷ್ಟೋ ಸಲ ಹೋಗಿಬಂದಿದ್ದೇವೆ. ಆದರೆ ಡೋರ್ನಕಲ್ಲೆಂದರೆ ನಮಗೆ ಚಹಾ ಕುಡಿಯುವ ಜಾಗ, ಅಷ್ಟೆ. ಹೆಸರಿನ ಕೊನೆಯ ‘ಕಲ್’ ಕಿವಿಗೆ ಬಿದ್ದಾಗಲೆಲ್ಲ, “ಇದು ಖಂಡಿತ ನಮ್ಮ ಕನ್ನಡದ ಕಲ್ಲೇ” ಎಂದು ನಮ್ಮ ಸಂಘದ ಖಜಾಂಚಿಗಳು ಹೇಳುವುದು, ನಾವು ನಗುವುದು, ಇಷ್ಟು ನಮ್ಮ ಪರಿಚಯ.

ಈ ಸಲ ನಾವು ಐದು ಮಂದಿ ಹೊರಟಿದ್ದೆವು: ಎರಡು ದಂಪತಿಗಳು, ಜೊತೆಗೆ ಖಜಾಂಚಿಗಳು. ನಮ್ಮ ಗಾಡಿ ತಡವಾಗಿ ಬಂದು, ಕವಲು ಹಾದಿಯ ಗಾಡಿ ನಮ್ಮನ್ನು ಬಿಟ್ಟು ಹೊರಟುಹೋಗಿತ್ತು. ಮುಂದಿನದಕ್ಕೆ ಮೂರು ಗಂಟೆ. ಬುತ್ತಿ ಬಿಚ್ಚಿ ಚಿತ್ರಾನ್ನ ಮುಗಿಸಿದ ಮೇಲೆ ಮಾತು ಎಂದಿನಂತೆ ನಮ್ಮ ಸಂಘದ ಜಗಳಕ್ಕೆ ತಿರುಗಿತು. ಅಧ್ಯಕ್ಷರ ಕುರ್ಚಿಗೆ ಹಳಬರೇ ಬರಬೇಕೆ, ಹೊಸಬರಿಗೂ ಹಕ್ಕುಂಟೆ. ಉತ್ತರ ಕರ್ನಾಟಕದವರೇ, ಮೈಸೂರಿನ ಕಡೆಯವರೇ. ಸಭಾಭವನದ ನಿಧಿಯ ಲೆಕ್ಕ ಯಾರ ಕೈಯಲ್ಲಿ ಇರಬೇಕು? ಬಿಸಿಲಿಗಿಂತ ಮಾತಿನ ಕಾವು ಹೆಚ್ಚಾಯಿತು. ಆಗ ಮಹಿಳೆಯರಲ್ಲೊಬ್ಬರು, “ಊರೊಳಗೆ ದೊಡ್ಡದೊಂದು ಇಗರ್ಜಿಯಿದೆಯಂತೆ, ನೋಡಿಯಾದರೂ ಬರೋಣ ಬನ್ನಿ” ಎಂದು ಎದ್ದರು. ಜಗಳದಿಂದ ಪಾರಾಗುವ ದಾರಿಯೆಂದೇ ನಾವೂ ಎದ್ದೆವು.

ಡೋರ್ನಕಲ್ ಈಗ ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಗೆ ಸೇರಿದ ಸಣ್ಣ ಪಟ್ಟಣ. ರೈಲ್ವೆಯ ವಸತಿಗಳು, ಅಂಗಡಿಯ ಸಾಲು, ಬೇವಿನ ಮರಗಳು. ಇವುಗಳ ನಡುವೆ ಎಪಿಫನಿ ಮಹಾದೇವಾಲಯ ಎದುರಾದಾಗ ನಾವು ಒಂದು ಕ್ಷಣ ನಿಂತುಬಿಟ್ಟೆವು. ಇಗರ್ಜಿಯೆಂದರೆ ಮೊನಚು ಗೋಪುರ, ಉದ್ದನೆಯ ಕಿಟಕಿ, ಇಂಗ್ಲೆಂಡಿನ ಪಡಿಯಚ್ಚು ಎಂದು ನಾವು ತಿಳಿದಿದ್ದೆವು. ಇಲ್ಲಿ ಕಂಡದ್ದು ಹೈದರಾಬಾದಿನ ಮಸೀದಿಗಳನ್ನು ನೆನಪಿಗೆ ತರುವ ಗುಮ್ಮಟಗಳು, ಒಳಗೆ ಕಾಲಿಟ್ಟರೆ ನಮ್ಮ ದೇವಸ್ಥಾನಗಳ ಮಂಟಪವನ್ನು ನೆನಪಿಸುವ ಕಲ್ಲುಕಂಬಗಳು, ಕೆತ್ತನೆಯಲ್ಲಿ ಕಮಲ, ಎಲ್ಲಕ್ಕೂ ಎದುರಾಗಿ ಶಿಲುಬೆ. ಮೂರು ಧರ್ಮಗಳ ಕುಶಲಿಗರು ಒಂದೇ ಮನೆಯಲ್ಲಿ ಕೂತು ಮಾತಾಡಿದಂತೆ ಇದೆ ಈ ಕಟ್ಟಡ. “ಕಲ್ಲು ನಮ್ಮದೇ ಅಂತ ನಾನು ಹೇಳಲಿಲ್ಲವೆ?” ಎಂದರು ಖಜಾಂಚಿಗಳು, ಮೆಲ್ಲಗೆ.

ಅಲ್ಲಿ ವಿಶ್ರಾಂತ ಉಪಾಧ್ಯಾಯರಂತೆ ಕಂಡ ಹಿರಿಯರೊಬ್ಬರು ನಮ್ಮನ್ನು ಕರೆದು ಕೂರಿಸಿದರು. ಅವರು ತೆಲುಗಿನಲ್ಲಿ ಹೇಳಿದರು. ನಮ್ಮ ಹರಕು ತೆಲುಗಿಗೆ ತಿಳಿದಷ್ಟನ್ನು ಅಲ್ಲಿಯೇ ತಿಳಿದೆವು, ಉಳಿದುದನ್ನು ಮನೆಗೆ ಬಂದ ಮೇಲೆ ಓದಿ ತುಂಬಿಕೊಂಡೆವು. ಈ ಮಹಾದೇವಾಲಯ ಪ್ರತಿಷ್ಠೆಯಾದದ್ದು 1939ರ ಜನವರಿ 6ರಂದು, ಎಪಿಫನಿ ಹಬ್ಬದ ದಿನ. ಕೆಲಸ ಇಪ್ಪತ್ತು ವರ್ಷಕ್ಕೂ ಮೀರಿ ನಡೆಯಿತು. ದುಡ್ಡು ಬಂದಷ್ಟು ಗೋಡೆ ಏಳುತ್ತಿತ್ತು. ಕಟ್ಟಿಸಿದವರು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ, ಆಂಗ್ಲಿಕನ್ ಸಭೆಯಲ್ಲಿ ಬಿಷಪ್ಪರಾದ ಮೊದಲನೆಯ ಭಾರತೀಯರು.

ಅಜರಯ್ಯನವರು ತೆಲುಗರಲ್ಲ. ಅವರು ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಸಭಾಪಾಲಕರು, ಮನೆಮಾತು ತಮಿಳು. ಆಂಗ್ಲಿಕನ್ನರಲ್ಲಿ ಪೂಜಾವಿಧಿಗಳಿಗೆ ಹೆಚ್ಚು ಮನ್ನಣೆ ಕೊಡುವವರದು ಒಂದು ಒಲವು. ಬೈಬಲಿನ ಮಾತು, ಒಬ್ಬೊಬ್ಬನ ಸ್ವಂತ ನಂಬಿಕೆ, ಸುವಾರ್ತೆಯನ್ನು ಸಾರುವ ಹೊಣೆ, ಇವನ್ನೇ ಮುಂದಿಡುವ ಇವಾಂಜೆಲಿಕಲ್ ಜನರದು ಇನ್ನೊಂದು. ಅಜರಯ್ಯನವರು ಬೆಳೆದದ್ದು ಈ ಎರಡನೆಯ ನೆರಳಿನಲ್ಲಿ. ಮದರಾಸಿನಲ್ಲಿ ಓದಿ, ಯುವಕರ ಸಂಘವಾದ ವೈ.ಎಂ.ಸಿ.ಎ.ಯ ಕಾರ್ಯದರ್ಶಿಯಾಗಿ ಊರೂರು ತಿರುಗಿದರು. 1903ರಲ್ಲಿ ತಮ್ಮ ಸೀಮೆಯವರನ್ನೇ ಕೂಡಿಸಿಕೊಂಡು ತಿರುನೆಲ್ವೇಲಿಯಲ್ಲಿ ಭಾರತೀಯ ಮಿಷನರಿ ಸಂಘವನ್ನು ಕಟ್ಟಿದರು. ಜನ ನಮ್ಮವರು, ಹಣ ನಮ್ಮದು, ಆಡಳಿತವೂ ನಮ್ಮದೇ ಎಂಬುದು ಅವರ ನಿಲುವು. ಆ ಸಂಘ ಆರಿಸಿಕೊಂಡ ಕ್ಷೇತ್ರ ಅಂದಿನ ನಿಜಾಮರ ರಾಜ್ಯದ ಈ ಮೂಲೆ. “ಹೋಗಿ” ಎಂದು ಬೇರೆಯವರನ್ನು ಕಳಿಸಿದವರಿಗೆ ತಾವು ಹೋಗದೆ ಇರುವುದು ಸರಿಯೆನಿಸಲಿಲ್ಲ. 1909ರಲ್ಲಿ ದೀಕ್ಷೆ ಪಡೆದು ತಾವೇ ಡೋರ್ನಕಲ್ಲಿಗೆ ಬಂದರು. ಮೂವತ್ತೈದರ ವಯಸ್ಸಿನಲ್ಲಿ ತೆಲುಗಿನ ಅಕ್ಷರಾಭ್ಯಾಸ!

ಮರುವರ್ಷ, 1910ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳ ದೊಡ್ಡ ಸಮ್ಮೇಳನ ಸೇರಿತು. ಅಲ್ಲಿ ಅಜರಯ್ಯನವರು ಎದ್ದು ನಿಂತು ಹೇಳಿದ ಮಾತು ಇಂದಿಗೂ ಜನಜನಿತವಾಗಿದೆ. ನೀವು ನಮಗಾಗಿ ಆಸ್ತಿ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ಅದಕ್ಕೆ ನಾವು ಋಣಿಗಳು. ಆದರೆ ಸ್ನೇಹವನ್ನು ಕೊಡಲಿಲ್ಲ, ಈಗ ನಾವು ಕೇಳುವುದು ಅದನ್ನು, ಎಂಬುದು ಆ ಮಾತಿನ ಸಾರ. ಬಿಳಿಯರ ಸಭೆಯಲ್ಲಿ ಅತಿಥಿಯಾಗಿ ಹೋದವರು ಹೀಗೆ ನುಡಿದರೆ ಎಷ್ಟು ಮಂದಿಗೆ ಹಿಡಿಸೀತು? ಕೆಲವರು ಹುಬ್ಬು ಗಂಟಿಕ್ಕಿದರು.

ಆದರೂ ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ಡರು ಇವರ ಪರವಾಗಿ ನಿಂತರು. ಇಂಗ್ಲಿಷರು ಭಾರತೀಯನ ಕೈಕೆಳಗೆ ಇರಲಾರರೆಂದು ಒಂದು ಗುಂಪಿನ ಆಕ್ಷೇಪಣೆ. ನಮ್ಮವರಲ್ಲಿಯೂ ಒಪ್ಪದವರಿದ್ದರು; ಹೊರಗಿನವರು ತಳ್ಳುವುದಕ್ಕೆ ಮುಂಚೆಯೇ ನಾವು ನಮ್ಮವರ ಕಾಲೆಳೆಯುವುದು ಹೊಸ ವಿದ್ಯೆಯಲ್ಲವಷ್ಟೆ! ಕೊನೆಗೆ 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ ಮಹಾದೇವಾಲಯದಲ್ಲಿ ಅವರಿಗೆ ಅಭಿಷೇಕವಾಯಿತು. ಮೊದಲಿಗೆ ಕೊಟ್ಟ ಸಭಾಪ್ರಾಂತ್ಯ ಬಲು ಚಿಕ್ಕದು. ಮುಂದೆ ಕೃಷ್ಣಾ ಸೀಮೆಯ ತೆಲುಗು ನಾಡೂ ಕೂಡಿಕೊಂಡು, ಅವರ ಕೊನೆಗಾಲದ ಹೊತ್ತಿಗೆ ಸಭೆಯ ಜನ ಎರಡು ಲಕ್ಷವನ್ನು ದಾಟಿದ್ದರು. ಅಷ್ಟಾದರೂ 1945ರ ಜನವರಿ 1ರಂದು ಅವರು ತೀರಿಕೊಳ್ಳುವವರೆಗೆ, ಮೂವತ್ತೆರಡು ವರ್ಷ, ಸ್ವಂತ ಸಭಾಪ್ರಾಂತ್ಯವುಳ್ಳ ಭಾರತೀಯ ಆಂಗ್ಲಿಕನ್ ಬಿಷಪ್ ಎಂದರೆ ಅವರೊಬ್ಬರೇ. ಬಾಗಿಲು ತೆರೆಯಿತು, ಆದರೆ ಒಬ್ಬರು ಒಳಗೆ ಹೋಗುವಷ್ಟು ಮಾತ್ರ.

ಆ ಒಬ್ಬರು ಮಾಡಿದ್ದೇನು? ಇದನ್ನು ಕೇಳುವಾಗ ನಮ್ಮ ಖಜಾಂಚಿಗಳು ಕುರ್ಚಿಯ ತುದಿಗೆ ಬಂದಿದ್ದರು. ಬಿಷಪ್ಪರು ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ಸುತ್ತಿದರು. ಸೇರಿದ ಜನರಲ್ಲಿ ಬಹುಪಾಲು ಮಾಲ, ಮಾದಿಗ ಕುಲದವರು, ಕೂಲಿಯವರು. ಅವರಿಗೆ ತೆಲುಗಿನಲ್ಲೇ ಉಪದೇಶ, ತೆಲುಗಿನ ಕೀರ್ತನೆ, ಊರ ಮಟ್ಟಿನ ಹಾಡು. ದೀಕ್ಷಾಸ್ನಾನ ಪಡೆದವನು ತಲೆಯ ಮೇಲೆ ಕೈಯಿಟ್ಟುಕೊಂಡು, ಸುವಾರ್ತೆಯನ್ನು ಸಾರದಿದ್ದರೆ ನನಗೆ ಕೇಡು ಎಂಬ ಅರ್ಥದ ಪ್ರತಿಜ್ಞೆ ಮಾಡಬೇಕಾಗಿತ್ತು. ಸಾರುವ ಕೆಲಸ ಸಂಬಳದವರಿಗೆ ಮೀಸಲಲ್ಲ, ಎಲ್ಲರದೂ, ಎಂಬುದು ಇದರ ತಿರುಳು. ಹಣದ ಮಾತಿನಲ್ಲೂ ಹಾಗೆಯೇ: ಬಡವನಾದರೂ ಕೊಡುವವನು ತಲೆಯೆತ್ತಿ ನಿಲ್ಲುತ್ತಾನೆ, ಬೇಡುವವನು ನಿಲ್ಲಲಾರ ಎಂದು ನಂಬಿದವರು ಅವರು, ಕ್ರೈಸ್ತನ ದಾನದ ಬಗೆಗೆ ಒಂದು ಪುಸ್ತಕವನ್ನೇ ಬರೆದರು. ಊರವರಲ್ಲೇ ಹಿರಿಯರನ್ನು, ಉಪಾಧ್ಯಾಯರನ್ನು, ಸಭಾಪಾಲಕರನ್ನು ತಯಾರುಮಾಡಿದರು. ಇವಾಂಜೆಲಿಕಲ್ ಮಿಷನ್ನಿನ ಕ್ಷೇತ್ರ, ಪೂಜಾವಿಧಿಯ ಕಡೆ ಒಲಿದ ಮಿಷನ್ನಿನ ಕ್ಷೇತ್ರ, ಎರಡೂ ಅವರ ಪ್ರಾಂತ್ಯದಲ್ಲಿದ್ದವು. ಬೇರೆ ಬೇರೆ ಹಟ್ಟಿಯ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಹೂಡಿ ಬಂಡಿ ಹೊಡೆದಂತೆ ಅವರ ಆಡಳಿತ.

ಇಲ್ಲಿ ನಮಗೊಂದು ಸಂಕೋಚ ಉಂಟು, ಅದನ್ನು ಮುಚ್ಚಿಡುವುದು ಸಲ್ಲ. ರಾಮನನ್ನು ನೋಡಲು ಹೊರಟವರು ನಾವು. ಮತಾಂತರದ ಮಾತು ಬಂದಾಗ ನಮ್ಮಲ್ಲಿ ಇಬ್ಬರ ಮುಖ ಬಿಗಿಯಿತು. 1930ರ ದಶಕದಲ್ಲಿ ಗಾಂಧೀಜಿಯವರಿಗೂ ಅಜರಯ್ಯನವರಿಗೂ ಇದೇ ವಿಷಯದಲ್ಲಿ ಬಹಿರಂಗವಾಗಿ ಭೇದ ಬಂದಿತ್ತು. ಹರಿಜನರನ್ನು ಗುಂಪುಗುಂಪಾಗಿ ಮತಕ್ಕೆ ಸೇರಿಸಿಕೊಳ್ಳುವುದು ಗಾಂಧೀಜಿಗೆ ಒಪ್ಪಿಗೆಯಿರಲಿಲ್ಲ. ಆ ಜನಕ್ಕೂ ಸ್ವಂತ ಮನಸ್ಸಿದೆ, ಆರಿಸಿಕೊಳ್ಳುವ ಹಕ್ಕು ಅವರದು, ಎಂಬುದು ಅಜರಯ್ಯನವರ ಪಟ್ಟು. ಇಬ್ಬರೂ ದೇಶಭಕ್ತರು, ಇಬ್ಬರೂ ದೈವಭೀರುಗಳು. ಇಬ್ಬರೂ ತಮ್ಮ ಮಾತನ್ನು ಬಿಡಲಿಲ್ಲ. ನಮ್ಮ ಐವರಲ್ಲೂ ಆ ವಾದ ಅಂದು ತೀರಲಿಲ್ಲ, ಇಂದಿಗೂ ತೀರಿಲ್ಲ.

ಆದರೆ ಇನ್ನೊಂದು ಸಂಗತಿ ನಮ್ಮನ್ನು ಮೌನಕ್ಕೆ ತಂದಿತು. ಅದೇ ದಶಕದಲ್ಲಿ ಆಂಗ್ಲ ಸರಕಾರ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತು. ಮೀಸಲು ಸ್ಥಾನ ಕೈಗೆ ಬಂದರೆ ಯಾವ ಮುಖಂಡನು ಬೇಡವೆಂದಾನು? ಅಜರಯ್ಯನವರು ಬೇಡವೆಂದರು. ಸಭೆಯೆಂದರೆ ಸವಲತ್ತಿಗಾಗಿ ಬೇಲಿ ಹಾಕಿಕೊಂಡ ಒಂದು ಜಾತಿಯಲ್ಲ. ಕ್ರೈಸ್ತರು ನೆರೆಹೊರೆಯವರೊಡನೆ ಕೂಡಿಯೇ ಓಟು ಹಾಕಬೇಕು ಎಂದು ಬಹಿರಂಗವಾಗಿ ವಿರೋಧಿಸಿದರು. ತಮ್ಮ ನಂಬಿಕೆಯನ್ನು ಒಂದಂಗುಲವೂ ಬಿಡದವರು ತಮ್ಮವರಿಗೆ ಬಂದ ಲಾಭವನ್ನು ಬಿಡಲು ಸಿದ್ಧರಿದ್ದರು. ಸಾಕ್ಷಿ ಎಂಬ ಮಾತನ್ನು ಕ್ರೈಸ್ತರು ಹೆಚ್ಚಾಗಿ ಬಳಸುತ್ತಾರೆ. ನಾವು ಅದನ್ನು ಕೋರ್ಟಿನ ಮಾತೆಂದು ತಿಳಿದಿದ್ದೆವು. ಡೋರ್ನಕಲ್ಲಿನಲ್ಲಿ ಅದರ ಇನ್ನೊಂದು ಅರ್ಥ ಸ್ವಲ್ಪ ಹೊಳೆಯಿತು.

ಅವರ ಮತ್ತೊಂದು ಹಂಬಲ ಐಕ್ಯ. ಪಶ್ಚಿಮದವರ ಹಳೆಯ ಜಗಳಗಳಿಂದ ಹುಟ್ಟಿದ ಪಂಗಡಗಳನ್ನು ನಾವೇಕೆ ಹೊರಬೇಕು? 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ 33 ಮಂದಿ ಸೇರಿ ಸಭೆಗಳ ಐಕ್ಯಕ್ಕೆ ಕರೆಕೊಟ್ಟರು. ಅವರಲ್ಲಿ ಇಬ್ಬರನ್ನುಳಿದು ಎಲ್ಲರೂ ಭಾರತೀಯರು, ಮುಂದಾಳು ಅಜರಯ್ಯನವರು. ಆ ಕರೆ ಕೈಗೂಡುವುದಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು. ದೇಶ ಸ್ವತಂತ್ರವಾದ ಮರುತಿಂಗಳು, 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಆರಂಭವಾಯಿತು. ಮೊದಲ ಹದಿನಾಲ್ಕು ಸಭಾಪ್ರಾಂತ್ಯಗಳಲ್ಲಿ ಡೋರ್ನಕಲ್ಲಿನೊಡನೆ ನಮ್ಮ ಮೈಸೂರೂ ಒಂದು. ಅದನ್ನು ನೋಡಲು ಅಜರಯ್ಯನವರು ಉಳಿದಿರಲಿಲ್ಲ. ಅವರದೇ ಪ್ರಾಂತ್ಯದಲ್ಲಿದ್ದ ನಂದ್ಯಾಲದ ಆಂಗ್ಲಿಕನ್ನರು ಅಂದು ಐಕ್ಯಕ್ಕೆ ಬಾರದೆ ಹೊರಗುಳಿದರು. ಬಹು ವರ್ಷಗಳ ಮೇಲೆ ಸೇರಿದರು. ಐಕ್ಯವೂ ಸುಖವಾಗಿ ಆಗಲಿಲ್ಲ ಎಂದಾಯಿತು.

“ಈಗ ಹೇಗೆ?” ಎಂದು ಖಜಾಂಚಿಗಳು ಕೇಳಿಯೇಬಿಟ್ಟರು. ಹಿರಿಯರು ನಕ್ಕರು. ಈಗ ಬಿಷಪ್ಪರನ್ನು ಲಂಡನ್ನಿನ ಅಪ್ಪಣೆಯಿಂದ ನೇಮಿಸುವುದಿಲ್ಲ. ಪ್ರಾಂತ್ಯದ ಪರಿಷತ್ತಿನಲ್ಲಿ ಸಭಾಪಾಲಕರೂ ಜನಪ್ರತಿನಿಧಿಗಳೂ ಓಟು ಹಾಕಿ ಕೆಲವು ಹೆಸರುಗಳನ್ನು ಆರಿಸುತ್ತಾರೆ, ಅವರಲ್ಲೊಬ್ಬರನ್ನು ಮೇಲಿನ ಸಿನೊಡ್ ಗೊತ್ತುಮಾಡುತ್ತದೆ. ಓಟು ಇದ್ದಲ್ಲಿ ಗುಂಪು ಇದ್ದೇ ಇರುತ್ತದೆ, ಆಸ್ತಿ ಇದ್ದಲ್ಲಿ ತಕರಾರು ಇದ್ದೇ ಇರುತ್ತದೆ ಎಂದರು. ದಕ್ಷಿಣ ಭಾರತ ಸಭೆಯ ಆಡಳಿತದ ವ್ಯಾಜ್ಯಗಳು ಈಚೆಗೆ ನ್ಯಾಯಾಲಯದ ಮೆಟ್ಟಿಲೇರಿದ್ದನ್ನು ನಾವೂ ಪತ್ರಿಕೆಗಳಲ್ಲಿ ಓದಿದ್ದೆವು. “ಕಟ್ಟಡವನ್ನು ಒಮ್ಮೆ ಕಟ್ಟಿದರೆ ನಿಲ್ಲುತ್ತದೆ. ಸಭೆಯನ್ನು ದಿನದಿನವೂ ಕಟ್ಟಬೇಕು” ಎಂದು ಹೇಳಿ, ನಮಗೆ ನೀರು ತರಿಸಿಕೊಟ್ಟರು.

ಹೊರಡುವಾಗ ಅವರು ನಮ್ಮನ್ನೊಂದು ಪ್ರಶ್ನೆ ಕೇಳಿದರು: ಹೈದರಾಬಾದಿಗೆ ಬಂದು ಎಷ್ಟು ಕಾಲವಾಯಿತು? ನಮ್ಮಲ್ಲಿ ಕಡಮೆಯೆಂದರೆ ಹದಿನೆಂಟು ವರ್ಷ, ಖಜಾಂಚಿಗಳದು ಮೂವತ್ತೊಂದು. ಅವರು ಬೇರೇನೂ ಹೇಳಲಿಲ್ಲ. ಆದರೆ ಅಷ್ಟು ಹೊತ್ತು ಅವರು ನಮಗಾಗಿ ತಮ್ಮ ತೆಲುಗನ್ನು ನಿಧಾನಮಾಡಿ, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ್ದರೆಂಬುದು ಆಗ ನಮ್ಮ ಗಮನಕ್ಕೆ ಬಂತು. ತಮಿಳರೊಬ್ಬರು ಇಲ್ಲಿಗೆ ಬಂದು, ಇಲ್ಲಿನ ನುಡಿಯನ್ನು ಕಲಿತು, ಇಲ್ಲಿನ ಕೂಲಿಯವರ ಅಂಗಳದಲ್ಲಿ ಕೂತ ಮೇಲಲ್ಲವೆ ಈ ಊರು ಅವರನ್ನು ತನ್ನವರೆಂದದ್ದು? ನಾವೋ, ತರಕಾರಿ ಕೊಳ್ಳುವಷ್ಟು ತೆಲುಗು ಕಲಿತು, ನಮ್ಮೊಳಗೇ ಒಂದು ಕುರ್ಚಿಗಾಗಿ ಹೋರಾಡುತ್ತಿದ್ದೇವೆ.

ನಿಲ್ದಾಣಕ್ಕೆ ಮರಳುವಾಗ ಯಾರೂ ಸಂಘದ ಮಾತೆತ್ತಲಿಲ್ಲ. ಗಾಡಿ ಇನ್ನೂ ಬಂದಿರಲಿಲ್ಲ. ಖಜಾಂಚಿಗಳು ಕನ್ನಡಕ ಏರಿಸಿ ಹೆಸರಿನ ಫಲಕದ ಕೆಳಗೆ ನಿಂತು ತೆಲುಗು ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರು. ನಮ್ಮ ಲಿಪಿಗೆ ಒಡಹುಟ್ಟಿದ ಲಿಪಿಯಲ್ಲವೆ? ತುಸು ಓರೆಯಾಗಿ ನೋಡಿದರೆ ಗುರುತು ಹತ್ತುತ್ತದೆ. “ಡೋ, ರ್ನ, ಕಲ್” ಎಂದು ಮುಗಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನಂತೆ ನಮ್ಮ ಕಡೆ ತಿರುಗಿ ನೋಡಿದರು. ಈ ಸಲ ನಾವು ನಗಲಿಲ್ಲ. ಅಷ್ಟರಲ್ಲಿ ಭದ್ರಾಚಲದ ಗಾಡಿ ಬಂತು.