ಅಲೇರಿಯಾದ ಮುತ್ತಿಗೆ

1975ರ ಆಗಸ್ಟ್ 21. ಫ್ರಾನ್ಸಿಗೆ ಸೇರಿದ ಕಾರ್ಸಿಕಾ ದ್ವೀಪದ ಪೂರ್ವ ಕರಾವಳಿಯ ಅಲೇರಿಯಾ. ಬೇಟೆಯ ಬಂದೂಕು ಹಿಡಿದ ಹತ್ತು ಹನ್ನೆರಡು ಮಂದಿ ವೈನ್ ತಯಾರಿಸುವ ಕಟ್ಟಡವೊಂದಕ್ಕೆ ನುಗ್ಗಿ ಒಳಗಿನಿಂದ ಬಾಗಿಲು ಭದ್ರ ಮಾಡಿಕೊಂಡರು. ಮುಂದಾಳು ಎಡ್ಮಂಡ್ ಸಿಮಿಯೋನಿ, 41ರ ಹರೆಯದ ಡಾಕ್ಟರು!

ಅವರ ಸಿಟ್ಟಿಗೆ ಕಾರಣವಿತ್ತು. 1962ರಲ್ಲಿ ಅಲ್ಜೀರಿಯಾ ಕೈತಪ್ಪಿದ ಮೇಲೆ ಅಲ್ಲಿಂದ ಮರಳಿದ ಫ್ರೆಂಚರಿಗೆ ಈ ಕರಾವಳಿ ಬಯಲಿನ ಒಳ್ಳೊಳ್ಳೆಯ ಜಮೀನು ಸರ್ಕಾರದ ನೆರವಿನಿಂದಲೇ ಸಿಕ್ಕಿತ್ತು. ದ್ವೀಪದ ರೈತ ನೋಡುತ್ತ ನಿಂತ. ಸಾಲದ್ದಕ್ಕೆ ಆ ಹೊಸ ತೋಟಗಳ ಕೆಲವು ಮಾಲೀಕರು ವೈನಿಗೆ ಸಕ್ಕರೆ ಬೆರೆಸಿ, ಸಾಲದ ಮೇಲೆ ಸಾಲ ಎತ್ತಿದ ಹಗರಣವೂ ಬಯಲಾಗಿತ್ತು.

ಒಂದು ರಾತ್ರಿ ಕಳೆಯಿತು. ಬೆಳಗಾದಾಗ ಸುತ್ತ ಸಮವಸ್ತ್ರಗಳದೇ ಬೇಲಿ! ಗೃಹಮಂತ್ರಿ ಪೋನಿಯಾಟೋವ್ಸ್ಕಿ ಸಾವಿರಕ್ಕೂ ಮಿಕ್ಕಿ ಪಡೆ ಕಳಿಸಿದ್ದ. ಹೆಲಿಕಾಪ್ಟರುಗಳು, ಕವಚ ತೊಟ್ಟ ವಾಹನಗಳು. ಹಿಡಿಯಷ್ಟು ಜನರ ಮೇಲೆ ಇಷ್ಟೊಂದು ಬಲವೇಕೆ? ಮಾತುಕತೆಗೆ ಇನ್ನೊಂದು ದಿನ ಕಾದಿದ್ದರೆ ಪ್ಯಾರಿಸ್ಸಿನ ಗಂಟೇನೂ ಹೋಗುತ್ತಿರಲಿಲ್ಲ. ಕಾಯಲಿಲ್ಲ.

22ರ ಮಧ್ಯಾಹ್ನ ಪಡೆ ಮುನ್ನುಗ್ಗಿತು. ಅಶ್ರುವಾಯು, ಹೊಗೆ, ಗುಂಡು! ಒಳಗಿನಿಂದ ಗುಂಡು, ಹೊರಗಿನಿಂದ ಗುಂಡು. ಯಾರು ಎಲ್ಲಿದ್ದಾರೆಂದು ತಿಳಿಯುವಷ್ಟರಲ್ಲಿ ಇಬ್ಬರು ಜಂಡಾರ್ಮ್ ಪೊಲೀಸರು ನೆಲಕ್ಕುರುಳಿದ್ದರು. ಒಳಗೊಬ್ಬನ ಪಾದವೇ ಛಿದ್ರವಾಗಿತ್ತು. ಎಲ್ಲ ಮುಗಿಯಲು ಕೆಲವೇ ನಿಮಿಷ. ಇನ್ನು ಹಟ ಹಿಡಿದರೆ ಹೆಣಗಳ ಲೆಕ್ಕ ಏರುವುದಷ್ಟೇ. ಸಿಮಿಯೋನಿ ಹೊರಬಂದು ಶರಣಾದ.

ದಾಳಿ ಗೆದ್ದ ಸರ್ಕಾರ ಐದೇ ದಿನಕ್ಕೆ, ಕಾರ್ಸಿಕಾಕ್ಕೆ ಸ್ವಾಯತ್ತತೆ ಕೇಳುತ್ತಿದ್ದ ಅವನ ಸಂಘಟನೆಯನ್ನೂ ನಿಷೇಧಿಸಿತು. ಅದೇ ರಾತ್ರಿ ಬಾಸ್ತಿಯಾದ ಬೀದಿಗಳಲ್ಲಿ ಗಲಭೆ, ಗುಂಡಿನ ಸದ್ದು, ಮತ್ತೊಬ್ಬ ಪೊಲೀಸನ ಸಾವು. ಸ್ವಾಯತ್ತತೆ ಕೇಳಿದವರ ಬಾಯಿ ಕಟ್ಟಿದಾಗ ಸ್ವಾತಂತ್ರ್ಯ ಕೇಳುವವರು ಎದ್ದರು: 1976ರ ಮೇ ತಿಂಗಳ ಒಂದು ರಾತ್ರಿ ಸಾಲು ಸಾಲು ಬಾಂಬು ಸಿಡಿಸಿ, ಮುಖ ಮುಚ್ಚಿಕೊಂಡೇ ಹುಟ್ಟಿತು ಎಫ್‌ಎಲ್‌ಎನ್‌ಸಿ, ಕಾರ್ಸಿಕಾ ರಾಷ್ಟ್ರೀಯ ವಿಮೋಚನಾ ರಂಗ. ಬಾಂಬು, ಒಡಕು, 1990ರ ದಶಕದಲ್ಲಿ ತಮ್ಮತಮ್ಮವರನ್ನೇ ಕೊಲ್ಲುವ ಕಾಳಗ. 1998ರ ಫೆಬ್ರವರಿ 6ರಂದು ಅಜಾಕ್ಸಿಯೋದ ಬೀದಿಯಲ್ಲಿ ಸಂಗೀತ ಕಛೇರಿಗೆಂದು ನಡೆದು ಹೊರಟಿದ್ದ, ಫ್ರೆಂಚ್ ಸರ್ಕಾರದ ಪ್ರತಿನಿಧಿಯಾದ ಪ್ರಿಫೆಕ್ಟ್ ಕ್ಲೋದ್ ಎರಿನ್ಯಾಕ್‌ನ ಮೇಲೂ ಹಿಂದಿನಿಂದ ಗುಂಡು ಬಿತ್ತು. ಆ ಕೊಲೆಯನ್ನು ಖಂಡಿಸಿ ದ್ವೀಪದವರೇ ಸಾವಿರಗಟ್ಟಲೆ ಬೀದಿಗಿಳಿದರು.

ಎಫ್‌ಎಲ್‌ಎನ್‌ಸಿ 2014ರಲ್ಲಿ ಸಶಸ್ತ್ರ ಹೋರಾಟ ಕೈಬಿಡುವುದಾಗಿ ಸಾರಿತು. ಮರುವರ್ಷದ ಡಿಸೆಂಬರಿನಲ್ಲಿ, ಬಂದೂಕಿಲ್ಲದೆ ಮತಪೆಟ್ಟಿಗೆಯ ಮೂಲಕ ಕಾರ್ಸಿಕಾದ ಆಡಳಿತದ ಚುಕ್ಕಾಣಿ ಹಿಡಿದವನು ಜೀಲ್ ಸಿಮಿಯೋನಿ, ಆ ಡಾಕ್ಟರ ಮಗ.