ಚಿಗವ್ವ ಬಂಗಾರ ಒಲ್ಲೆ ಅಂದಳು

ನಮ್ಮ ಆಫೀಸಿನ ಗೆಳತಿಯೊಬ್ಬಳು ಮತ್ತು ಅವಳ ಗಂಡ ಹೋದ ವರ್ಷ ಒಂದೂವರೆ ವರ್ಷದ ಹೆಣ್ಣುಮಗುವನ್ನು ದತ್ತು ತಗೊಂಡರು. ಮೊನ್ನೆ ಊಟದ ಹೊತ್ತಲ್ಲಿ ಅವಳು ಫೋನ್ ತೋರಿಸಿದಳು. ಅಮೆರಿಕದ ಯಾವುದೋ ಅಂಗಡಿ. ಹೆತ್ತ ತಾಯಿಗೆ ಕೊಡೋಕೆ ಅಂತಲೇ ಮಾಡಿದ ಲಾಕೆಟ್, ಮಗುವಿನ ಪಾದದ ಅಚ್ಚು, ಎರಡು ಮನೆಯವರ ಹೆಸರು ಕೆತ್ತಿದ ಮರದ ಹಲಗೆ. ‘ನೀನೂ ದತ್ತು ಮಗಳಲ್ವಾ, ನೀನು ನಿನ್ನ ಹೆತ್ತವರಿಗೆ ಏನು ಕೊಟ್ಟಿದೀಯ?’ ಅಂತ ಕೇಳಿದಳು.

ಅಲ್ಲಿ ಅದಕ್ಕೆ ಓಪನ್ ಅಡಾಪ್ಷನ್ ಅಂತಾರೆ. ಹೆತ್ತವರಿಗೂ ಸಾಕಿದವರಿಗೂ ಪರಸ್ಪರ ಪರಿಚಯ ಇರುತ್ತೆ, ಪತ್ರ, ಫೋಟೊ, ವರ್ಷಕ್ಕೊಂದು ಭೇಟಿ ನಡೀತಿರುತ್ತೆ. ನಮ್ಮಲ್ಲಿ ಸಂಸ್ಥೆಗಳ ಮೂಲಕ ತಗೊಂಡರೆ ಹಾಗಿಲ್ಲ, ಹೆತ್ತವರ ವಿವರ ಗುಟ್ಟಾಗಿರುತ್ತೆ. ಆದರೆ ಬಂಧು ಬಳಗದೊಳಗಿನ ದತ್ತು ನಮ್ಮಲ್ಲಿ ಯಾವತ್ತೂ ಬಾಗಿಲು ತೆರೆದೇ ನಡೆದಿದೆ. 2015ರಲ್ಲಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರ್ ಅವರನ್ನು ದತ್ತು ತಗೊಂಡಾಗ ಹೆತ್ತವರು ಯಾರು ಅಂತ ರಾಜ್ಯಕ್ಕೆಲ್ಲ ಗೊತ್ತಿತ್ತು. ಅರಮನೆ ದೊಡ್ಡ ಮಾತಾಯ್ತು, ನಮ್ಮ ಹಚ್ಚೊಳ್ಳಿಯಲ್ಲೂ ಅಷ್ಟೇ. ಸಿರುಗುಪ್ಪ ತಾಲ್ಲೂಕಿನ ನಮ್ಮೂರಲ್ಲಿ ಹಿಟ್ಟಿನ ಗಿರಣಿಗೆ ಹೋದರೆ ‘ನೀನು ಬಳ್ಳಾರಿ ಹುಡುಗಿ ಅಲ್ಲೇನು?’ ಅಂತ ಯಾರಾದರೂ ಕೇಳೇ ಕೇಳೋರು. ಹಾಗಾಗಿ ಸಿನಿಮಾದಲ್ಲಿ ಬರೋ ‘ಸತ್ಯ ತಿಳಿದ ದಿನ’ ನನ್ನ ಬದುಕಲ್ಲಿ ಬರಲೇ ಇಲ್ಲ.

ನನ್ನ ಅವ್ವ, ಅಪ್ಪನಿಗೆ ಮದುವೆಯಾಗಿ ಹನ್ನೊಂದು ವರ್ಷ ಮಕ್ಕಳಿರಲಿಲ್ಲ. ಅವ್ವನ ಬೆನ್ನಿಗೆ ಬಿದ್ದ ತಂಗಿ ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದಳು. ಅವಳಿಗೆ ನಾನು ಮೂರನೇ ಹೆಣ್ಣು. ‘ಮೂರನೇದೂ ಹೆಣ್ಣು ಅಂತ ಕೊಟ್ಟರಾ, ಅಕ್ಕನ ಮೇಲಿನ ಪ್ರೀತಿಗೆ ಕೊಟ್ಟರಾ?’ ಅಂತ ಕೇಳುವವರು ಈಗಲೂ ಸಿಗುತ್ತಾರೆ. ನಾನು ಮಾತ್ರ ಕೇಳಿಲ್ಲ. ಎರಡೂ ಇರಬಹುದು. ಒಂದೇ ಉತ್ತರ ಹೇಳು ಅಂತ ಅವಳನ್ನು ಕಟಕಟೆಗೆ ನಿಲ್ಲಿಸೋಕೆ ನನಗೆ ಇಷ್ಟವಿಲ್ಲ.

1996ರಲ್ಲಿ, ನನಗೆ ಎಂಟು ತಿಂಗಳಿದ್ದಾಗ, ಚಿಗವ್ವ ಅವ್ವನ ಉಡಿ ತುಂಬಿದಳು. ಅಕ್ಕಿ, ಐದು ಒಣಕೊಬ್ಬರಿ ಬಟ್ಟಲು, ಉತ್ತತ್ತಿ, ಎಲಿ ಅಡಿಕಿ, ಕುಬಸದ ಖಣ, ಅವುಗಳ ಮೇಲೆ ನಾನು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956 ಕೇಳುವುದೂ ಮುಖ್ಯವಾಗಿ ಇದನ್ನೇ. ಮಗುವನ್ನು ನಿಜವಾಗಿ ಕೈಯಿಂದ ಕೈಗೆ ಕೊಡಬೇಕು, ತಗೋಬೇಕು. ಹೋಮ ಕಡ್ಡಾಯವಲ್ಲ. ಅಪ್ಪ ಜಾಣ, ಸಿರುಗುಪ್ಪಕ್ಕೆ ಹೋಗಿ ದತ್ತಕ ಪತ್ರ ರಿಜಿಸ್ಟರ್ ಮಾಡಿಸಿದ. ಪಾಸ್‌ಪೋರ್ಟ್ ಮಾಡಿಸುವಾಗ ಅದು ಕೆಲಸಕ್ಕೆ ಬಂತು.

ಆ ಪತ್ರವನ್ನು ನಾನು ಪೂರ್ತಿ ಓದಿದ್ದು ಆಗಲೇ. ಅದರಲ್ಲಿ ಮಗುವನ್ನು ‘ಕೊಟ್ಟವರು’ ಚಿಗಪ್ಪ. ಚಿಗವ್ವನದು ಕೆಳಗೆ ‘ಒಪ್ಪಿಗೆ’ ಅಂತ ಒಂದು ಸಹಿ, ಅಷ್ಟೇ. ಆಗ ಕಾನೂನು ಹಾಗೇ ಇತ್ತು. ತಂದೆ ಇರುವಾಗ ದತ್ತು ಕೊಡುವ ಹಕ್ಕು ತಂದೆಯದು, ತಾಯಿ ಒಪ್ಪಬೇಕು. 2010ರ ತಿದ್ದುಪಡಿ ಬಂದ ಮೇಲಷ್ಟೇ ತಾಯಿಗೂ ಸಮನಾದ ಹಕ್ಕು ಸಿಕ್ಕಿತು. ಒಂಬತ್ತು ತಿಂಗಳು ಹೊತ್ತು, ಎಂಟು ತಿಂಗಳು ಹಾಲು ಕುಡಿಸಿದವಳಿಗೆ ಕಾಗದದಲ್ಲಿ ಇದ್ದ ಜಾಗ ಒಂದು ಸಹಿಯಷ್ಟು. ಅವತ್ತು ಆ ಸಾಲನ್ನು ಎರಡು ಮೂರು ಸಲ ಓದಿದೆ.

ಕಾಗದದಲ್ಲಿ ಇಲ್ಲದ್ದು ಟ್ರಂಕಿನಲ್ಲಿತ್ತು. ನನ್ನ ಜೊತೆ ಚಿಗವ್ವ ಒಂದು ಕುಲಾವಿ, ಒಂದು ಕೌದಿ ಕಳಿಸಿದ್ದಳು. ಕುಲಾವಿಯ ಅಂಚಿಗೆ ಬಿಳಿ ಮಣಿ. ಅವ್ವ ಅದನ್ನು ಡಾಂಬರು ಗುಳಿಗೆ ಹಾಕಿ ಇಟ್ಟಿದ್ದಾಳೆ. ಕೌದಿ ಮಾತ್ರ ನಾನು ಐದನೇ ಕ್ಲಾಸಿನವರೆಗೂ ಹೊದ್ದು ಹರಿದೆ. ‘ಈ ಹಸಿರು ತುಂಡು ನಿಮ್ಮ ಅಮ್ಮನ ಸೀರಿ, ಈ ಚೌಕಳಿ ನಿಮ್ಮ ಚಿಗವ್ವನ ಮದುವಿ ಸೀರಿ’ ಅಂತ ಅವ್ವ ರಾತ್ರಿ ಬೆರಳಿಟ್ಟು ತೋರಿಸುತ್ತಿದ್ದಳು. ನಮ್ಮಲ್ಲಿ ಅಮ್ಮ ಅಂದರೆ ಅಜ್ಜಿ. ಹೆತ್ತವರ ಕಥೆ ಹೇಳೋದಕ್ಕೆ ಅವ್ವ ಬೇರೆ ಪುಸ್ತಕ ಹುಡುಕಲಿಲ್ಲ.

ಇನ್ನು ಆ ಕಡೆಗೆ ಹೋಗುತ್ತಿದ್ದದ್ದು ಅಕ್ಕಿ. ನಮ್ಮದು ತುಂಗಭದ್ರಾ ಕಾಲುವೆಯ ಭತ್ತದ ಸೀಮೆ. ಸುಗ್ಗಿಯಾದ ಮೇಲೆ ಅಪ್ಪ ಒಂದು ಚೀಲ ಸೋನಾ ಮಸೂರಿ ಬಸ್ಸಿನ ಮೇಲೆ ಹಾಕಿಸಿ ಬಳ್ಳಾರಿಗೆ ಕಳಿಸುತ್ತಿದ್ದ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮದುವೆಯ ಪಂಕ್ತಿಯಲ್ಲಿ ಸಂಬಂಧಿಕರೊಬ್ಬರು ನಗುತ್ತಾ, ‘ಅಕ್ಕಿ ಕೊಟ್ಟು ಮಗಳ್ನ ತಗಂಡ್ರು’ ಅಂದುಬಿಟ್ಟರು. ಆ ವರ್ಷದ ಚೀಲ ಹೋದ ಬಸ್ಸಿನಲ್ಲೇ ವಾಪಸ್ ಬಂತು. ಚಿಗಪ್ಪ ಇಳಿಸಿಕೊಳ್ಳಲೇ ಇಲ್ಲ.

ಎರಡು ವರ್ಷ ಮಾತು ಕಡಿಮೆಯಾಯಿತು. ಪಂಚಮಿಗೆ ಉಂಡಿ ಬರಲಿಲ್ಲ, ಕುರುಗೋಡಿನ ದೊಡ್ಡ ಬಸವೇಶ್ವರನ ತೇರಿನಲ್ಲಿ ಎರಡೂ ಮನೆಯವರು ಒಟ್ಟಿಗೆ ಕೂತು ಬುತ್ತಿ ಉಣ್ಣುವುದೂ ನಿಂತಿತು. ಆಗ ನನಗೆ ಅನ್ನಿಸುತ್ತಿದ್ದದ್ದು ಒಂದೇ: ನನಗೊಂದು ರೇಟು ಇದೆಯಾ?

ದೊಡ್ಡವಳಾದ ಮೇಲೆ ಅದೇ ಕಾಯ್ದೆಯಲ್ಲಿ 17ನೇ ಕಲಮು ನೋಡಿದೆ. ದತ್ತಿಗೆ ಪ್ರತಿಯಾಗಿ ಹಣವನ್ನಾಗಲಿ ಬೇರೆ ಪ್ರತಿಫಲವನ್ನಾಗಲಿ ಯಾರೂ ಕೊಡುವಂತಿಲ್ಲ, ಪಡೆಯುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಕಾನೂನಿಗೂ ಆ ಪಂಕ್ತಿಯ ಮಾತಿನ ಭಯ ಇದೆ ಅಂತಾಯ್ತು. ಹೆತ್ತವರಿಗೆ ಉಡುಗೊರೆ ಕೊಡಬೇಕು ಅನ್ನೋರು ಮೊದಲು ಯೋಚಿಸಬೇಕಾದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ದತ್ತು ಆಗುವ ಹೊತ್ತಿನಲ್ಲಿ, ಅದರ ಆಸುಪಾಸಿನಲ್ಲಿ, ಬೆಲೆಯುಳ್ಳದ್ದು ಏನೂ ಬೇಡವೇ ಬೇಡ.

ಅಕ್ಕಿಯ ಗಂಟು ಬಿಡಿಸಿದ್ದು ಅವ್ವ. ತಾನೇ ಬಳ್ಳಾರಿಗೆ ಹೋಗಿ ಚಿಗಪ್ಪನ ಎದುರು ಕೂತು, ‘ಹುಡುಗೀನ ಬಾಜೂಕ ಇಡ್ರಿ. ಅಕ್ಕ ತಂಗಿಗೆ ಅಕ್ಕಿ ಕೊಡಬಾರ್ದೇನು? ಈಕಿ ನನಗ ಪಂಚಮಿ ಉಂಡಿ ಕಳ್ಸಾದು ಬಿಟ್ಟಾಳ, ಅದ್ರ ಲೆಕ್ಕ ಯಾರು ಕೊಡ್ತೀರಿ?’ ಅಂದಳಂತೆ. ಮುಂದಿನ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಬಂದವು. ಸುಗ್ಗಿಗೆ ಚೀಲ ಹೋಯಿತು. ಒಂದೇ ಕಡೆಗೆ ಹೋಗುವ ಚೀಲಕ್ಕೆ ಜನ ಬೆಲೆ ಕಟ್ಟುತ್ತಾರೆ, ಆ ಕಡೆಯಿಂದಲೂ ಡಬ್ಬಿ ಬರುತ್ತಿದ್ದರೆ ಏನಂತ ಕಟ್ಟುತ್ತಾರೆ? 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಊರಿಗೆ ಊರೇ ಬೆಳೆಯ ಚಿಂತೆಯಲ್ಲಿತ್ತು. ಆಗಲೂ ಅಪ್ಪ ಫೋನಿನಲ್ಲಿ, ‘ಬೆಳಿ ಕೈಗೆ ಹತ್ತಿದ್ರ ಮೊದ್ಲು ಬಳ್ಳಾರಿ ಚೀಲ ತೆಗೀಬೇಕು’ ಅಂದಿದ್ದ.

ಮೊದಲ ಸಂಬಳದಲ್ಲಿ ನಾನು ಎಲ್ಲರಿಗೂ ಏನಾದರೊಂದು ತಂದೆ. ಅವ್ವನಿಗೆ ಸೀರೆ, ಅಪ್ಪನಿಗೆ ವಾಚು, ಚಿಗವ್ವನಿಗೆ ನಾಲ್ಕು ಗ್ರಾಮಿನ ಕಿವಿಯೋಲೆ. ಅವ್ವನೂ ನಾನೂ ಕೌಲ್ ಬಜಾರಿಗೆ ಹೋದೆವು. ಚಿಗವ್ವ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಯುತ್ತಾಳೆ. ಬಳ್ಳಾರಿ ಜೀನ್ಸ್ ಅಂದರೆ ನಿಮಗೂ ಗೊತ್ತಿರುತ್ತೆ, ಆ ಪ್ಯಾಂಟುಗಳ ಎಷ್ಟೋ ಹೊಲಿಗೆ ಇಂಥ ಮನೆಗಳಲ್ಲೇ ಬೀಳುತ್ತೆ. ಡಬ್ಬಿ ತೆರೆದು ನೋಡಿದಳು. ಮುಚ್ಚಿ ನನ್ನ ಕೈಗೇ ಇಟ್ಟಳು.

‘ಚೆಂದ ಅದಾವು. ನನಗ ಬ್ಯಾಡವಾ. ಬಂಗಾರ ಹಾಕ್ಕಂಡ್ರ ಎಲ್ಲಾರೂ ಕೇಳ್ತಾರ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವ್ವನ ಮುಖ ನೋಡದೆ ಕೇಳಿದಳು: ‘ಈಕಿ ಸಣ್ಣಾಕಿದ್ದಾಗಿನ್ದು ಏನಾರ ಇದ್ರ ಕೊಡಕ್ಕಾ.’

ವಾಪಸ್ ಬರುವಾಗ ಸಿರುಗುಪ್ಪದ ತನಕ ಅವ್ವ ಒಂದು ಮಾತಾಡಲಿಲ್ಲ. ನನಗೆ ಭಯ. ಇಪ್ಪತ್ತೆರಡು ವರ್ಷ ಬೆಳೆಸಿದವಳಿಗೆ ಆ ಮಾತು ಹೇಗೆ ತಾಗಿರಬೇಡ? ಸಿರುಗುಪ್ಪದಲ್ಲಿ ಬಸ್ ಬದಲಿಸುವಾಗ, ‘ನಿನ್ನ ಸ್ಲೇಟು ಒಡದೈತಿ, ಕೊಡಾಕ ಬರಂಗಿಲ್ಲ’ ಅಂದಳು. ಅಂದರೆ ದಾರಿಯುದ್ದಕ್ಕೂ ಟ್ರಂಕನ್ನೇ ಹುಡುಕುತ್ತಿದ್ದಳು!

ನಮ್ಮ ಮನೆಯ ಭತ್ತದ ಕೋಣೆಯ ಬಾಗಿಲಿನ ಮೇಲೆ ಅಪ್ಪ ಪ್ರತಿ ಯುಗಾದಿಗೆ ನನ್ನ ಎತ್ತರಕ್ಕೆ ಸೀಸಕಡ್ಡಿಯಲ್ಲಿ ಗೆರೆ ಎಳೆಯುತ್ತಿದ್ದ. ಒಂದನೇ ವರ್ಷದಿಂದ ಹದಿನಾರರವರೆಗೆ. ಅವ್ವ ಬಿಳೀ ಲಾಡಿಯ ಒಂದು ಉದ್ದ ತುಂಡು ತಂದು, ನೆಲದಿಂದ ಮೇಲಕ್ಕೆ ಹಿಡಿಸಿ, ಒಂದೊಂದು ಗೆರೆಯನ್ನೂ ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಇಳಿಸಿದಳು. ಪಕ್ಕದಲ್ಲಿ ವರ್ಷ ಬರೆಯುವ ಕೆಲಸ ನನ್ನದು. ‘ಅಕಿ ಟೇಲರು. ಅಕಿಗೆ ಅಳತಿ ತಿಳೀತೈತಿ’ ಅಂದಳು. ಒಂದನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡನ್ನೂ ಜೊತೆಗಿಟ್ಟಳು. ಕುಲಾವಿ ಮಾತ್ರ ಕೊಡಲಿಲ್ಲ. ಅದು ತಂಗಿ ತನಗೆ ಕೊಟ್ಟದ್ದು ಅಂತೆ.

ಚಿಗವ್ವ ಲಾಡಿಯನ್ನು ಬಿಚ್ಚಿ ಒಂದು ತುದಿಯನ್ನು ಕಾಲಿನ ಬೆರಳಲ್ಲಿ ಒತ್ತಿ ಹಿಡಿದಳು. ನಾಲ್ಕನೇ ಗೆರೆಯ ಹತ್ತಿರ ಅಂಗೈ ಗಾಳಿಯಲ್ಲಿ ಇಟ್ಟು ನೋಡಿದಳು. ‘ಆ ವರ್ಷ ಪಂಚಮಿಗೆ ಕಳ್ಸಿದ್ದ ಲಂಗ ಗಿಡ್ಡ ಆಗಿರಬೇಕಲ್ಲಕ್ಕಾ’ ಅಂದಳು. ಪ್ರತಿ ವರ್ಷ ಉಂಡಿ ಡಬ್ಬಿಯ ಕೆಳಗೆ ಒಂದು ಲಂಗ, ಜಂಪರು ಇರುತ್ತಿತ್ತು. ಅಳತೆ ಕೇಳದೆ, ಅಂದಾಜಿನ ಮೇಲೆ ಹೊಲಿದದ್ದು. ‘ಗಿಡ್ಡ ಆಗಿತ್ತು. ಕೆಳಗ ಪಟ್ಟಿ ಕೊಟ್ಟಿದ್ದೆ’ ಅಂದಳು ಅವ್ವ. ಇಬ್ಬರೂ ನಕ್ಕರು. ಲಾಡಿ ಈಗ ಮಷಿನ್ನಿನ ಖಾನೆಯಲ್ಲಿ, ಬಾಬಿನ್‌ಗಳ ಜೊತೆ ಇದೆ.

ಗೆಳತಿಗೆ ಇಷ್ಟೆಲ್ಲ ಹೇಳಿದೆ. ಅವಳ ಕಷ್ಟ ಬೇರೆ. ಲಾಡಿ ಕೊಡಲು ವಿಳಾಸವೇ ಇಲ್ಲ, ಹುಡುಕುವುದೂ ಸರಿಯಲ್ಲ. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಕಾನೂನು ಎರಡು ತಿಂಗಳು ಕೊಡುತ್ತೆ. ಆ ಮೇಲೆ ಅವಳ ಗುಟ್ಟನ್ನೂ ಕಾಯುತ್ತೆ. ಆದರೆ ಮಗುವಿಗೆ 18 ತುಂಬಿದ ಮೇಲೆ, ತನ್ನ ಮೂಲ ಹುಡುಕಬೇಕು ಅನ್ನಿಸಿದರೆ ತಾನೇ ಅರ್ಜಿ ಹಾಕಬಹುದು. ಹೆತ್ತವರು ಒಪ್ಪದಿದ್ದರೆ ಹೆಸರು ಸಿಗಲಿಕ್ಕಿಲ್ಲ, ಕೆಲವು ವಿವರವಾದರೂ ಸಿಗಬಹುದು. ಅದಕ್ಕೆ ಲಾಕೆಟ್ ಬೇಡ, ಒಂದು ಒಳ್ಳೆ ಡಬ್ಬಿ ತಗೋ ಅಂದೆ. ಸಂಸ್ಥೆ ಕೊಟ್ಟ ಮಗುವಿನ ಅಧ್ಯಯನ ವರದಿ, ಮೆಡಿಕಲ್ ವರದಿ, ಮನೆಗೆ ಬಂದ ದಿನ ಹಾಕಿದ್ದ ಬಟ್ಟೆ (ಒಗೆದು, ಆದರೆ ಕಲೆ ಹೋಗದಿದ್ದರೆ ಇರಲಿ ಬಿಡು), ಅಲ್ಲಿ ಕರೆಯುತ್ತಿದ್ದ ಹೆಸರು. ಹೆಸರಂತೂ ಎಸೆಯಬೇಡ ಅಂದೆ. ಪ್ರತಿ ಹುಟ್ಟುಹಬ್ಬಕ್ಕೆ ಒಂದು ಗೆರೆ ಎಳೆದ ಲಾಡಿಯನ್ನೂ ಹಾಕಿಡ್ತೀನಿ ಅಂದಳು. ಮತ್ತೊಂದು ಮಾತು, ನನ್ನ ಕಿರಿಕಿರಿ ಅಂತಲೇ ಅಂದುಕೊಳ್ಳಿ: ಇದನ್ನೆಲ್ಲ ಸ್ಟೇಟಸ್‌ಗೆ ಹಾಕಬೇಡಿ. ಆ ಡಬ್ಬಿ ಮಗುವಿನದು.

ಮುಂದಿನ ವೈಶಾಖಕ್ಕೆ ನನ್ನ ಮದುವೆ. ಧಾರೆ ಎರೆಯುವುದು ಅವ್ವ, ಅಪ್ಪ. ಅದರಲ್ಲಿ ಯಾರಿಗೂ ಅನುಮಾನವಿಲ್ಲ, ಚಿಗವ್ವನಿಗೂ. ನನ್ನ ಉಡಿ ಮೊದಲು ಯಾರು ತುಂಬಬೇಕು ಅನ್ನೋದರ ಮೇಲೆ ಮಾತ್ರ ಮನೆಯಲ್ಲಿ ಚರ್ಚೆ ಎದ್ದಿತ್ತು. ಹಿರಿಯರೊಬ್ಬರು, ‘ಎರಡು ತಾಯಿ ಅಂತ ಬೀಗರ ಮುಂದ ಯಾಕ ತೋರ್ಸಾದು?’ ಅಂದರು. ಅವ್ವ ರೊಟ್ಟಿ ಬಡಿಯುತ್ತಾ ಕೂತಲ್ಲಿಂದಲೇ ಹೇಳಿದಳು: ‘ನನ್ನ ಉಡಿ ತುಂಬಿದಾಕಿ ಅಕಿ. ಮಗಳದ್ದೂ ಮೊದ್ಲು ಅಕಿನ ತುಂಬ್ಲಿ.’ ಬೀಗರ ಮನೆಗೆ ಮರುದಿನವೇ ಫೋನ್ ಮಾಡಿ ಅಪ್ಪ ವಿಷಯ ತಿಳಿಸಿದ. ಅವರು ‘ಆಗಲಿ’ ಅಂದರು, ಅಷ್ಟೇ. ಒಳಗೆ ಏನಂದುಕೊಂಡರೋ, ಮದುವೆಯ ದಿನ ಗೊತ್ತಾಗುತ್ತೆ.

ಅಂದಹಾಗೆ, ನಾನು ಬೆಂಗಳೂರಿನಲ್ಲಿ ದಿನಾ ಹೊತ್ತು ತಿರುಗುವ ಲ್ಯಾಪ್‌ಟಾಪ್ ಬ್ಯಾಗು ಚಿಗವ್ವ ಜೀನ್ಸ್ ತುಂಡುಗಳನ್ನು ಜೋಡಿಸಿ ಹೊಲಿದದ್ದು. ಮೆಟ್ರೊದಲ್ಲಿ ಇಬ್ಬರು ಯಾವ ಬ್ರ್ಯಾಂಡು ಅಂತ ಕೇಳಿದ್ದಾರೆ. ಅದರ ಹಿಡಿಕೆ ಸವೆದಿದೆ. ಹೊಸದು ಹೊಲಿಯುತ್ತೀನಿ, ಅಳತೆ ಕಳಿಸು ಅಂತ ಹೋದ ವಾರ ವಾಯ್ಸ್ ಮೆಸೇಜು ಬಂತು. ಈ ಸಲ ಅಂದಾಜು ಬೇಡವಂತೆ. 14 ಇಂಚಿನದು, ಚಾರ್ಜರಿಗೆ ಒಂದು ಜೇಬು ಅಂತ ಕಳಿಸಿದ್ದೀನಿ. ಅವ್ವನೂ ಒಂದು ಕೇಳಿದ್ದಾಳೆ, ಬ್ಯಾಂಕಿನ ಪಾಸ್‌ಬುಕ್ ಇಡೋಕೆ. ಜಿಪ್ಪು ಬೇಕೇ ಬೇಕಂತೆ.