ನೆರಳಾಗಿ ನಿಂತು ಕಲಿಯುವುದು

ಹಲ್ಲಿಗೆ 'ಕ್ಲಿಪ್' ಹಾಕಿಸುವುದು ಎಂದು ನಾವು ಸರಳವಾಗಿ ಹೇಳಿಬಿಡುವ ಚಿಕಿತ್ಸೆಯ ಹಿಂದೆ ಆರ್ಥೊಡಾಂಟಿಕ್ಸ್ ಎಂಬ ದೊಡ್ಡ ಶಾಸ್ತ್ರವೇ ಇದೆ. ಅದರ ಪರಿಚಯ ನನಗಾದದ್ದು ಎಪ್ಪತ್ತು ದಾಟಿದ ಮೇಲೆ, ಅಮೆರಿಕದಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗಳಿಂದ.

ನಮ್ಮಲ್ಲಿ ಪಿಯುಸಿ ಮುಗಿಸಿದವರು ನೇರವಾಗಿ ಬಿಡಿಎಸ್ ಸೇರುತ್ತಾರೆ. ಅಲ್ಲಿ ಸಾಮಾನ್ಯವಾಗಿ 4 ವರ್ಷ ಕಾಲೇಜು, ಬಳಿಕ 4 ವರ್ಷ ದಂತವೈದ್ಯಕೀಯ, ಈ ವಿಭಾಗದ ತಜ್ಞರಾಗಲು ಮತ್ತೆ 2–3 ವರ್ಷ. ಇಷ್ಟು ದೀರ್ಘವಾದ, ಖರ್ಚಿನ ದಾರಿಗೆ ಇಳಿಯುವ ಮುನ್ನ ವೈದ್ಯರೊಬ್ಬರ ಹಿಂದೆ ನೆರಳಿನಂತೆ ನಿಂತು ಅವರ ಕೆಲಸವನ್ನು ನೋಡುವ ಪದ್ಧತಿಯಿದೆ. ಅದನ್ನು 'ಶಾಡೋಯಿಂಗ್' ಎನ್ನುತ್ತಾರೆ. ಮುಟ್ಟುವಂತಿಲ್ಲ, ನೋಡಬಹುದು, ಬಿಡುವಿನಲ್ಲಿ ಕೇಳಬಹುದು. ಅವಳು ಫೋನಿನಲ್ಲಿ ಎಲ್ಲವನ್ನೂ ವರ್ಣಿಸುತ್ತಾಳೆ. ರೋಗಿಗಳ ಹೆಸರನ್ನು ಮಾತ್ರ ಒಮ್ಮೆಯೂ ಹೇಳಿದವಳಲ್ಲ.

ಕಾಲೇಜಿನ ಪ್ರವೇಶಿಕೆಯ ಪಾಠದಲ್ಲಿ ಅವಳು ಎಡ್ವರ್ಡ್ ಆಂಗಲ್ ಅವರ ವಿಷಯ ಓದಿದ್ದಳು. ಮೇಲಿನ ಮತ್ತು ಕೆಳಗಿನ ಮೊದಲ ದೊಡ್ಡ ದವಡೆಹಲ್ಲುಗಳು ಹೇಗೆ ಕೂಡುತ್ತವೆ ಎಂಬುದನ್ನು ಆಧರಿಸಿ, 1899ರಲ್ಲಿ ಅವರು ಹಲ್ಲುಗಳ ಕಚ್ಚುವಿಕೆಯ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಪುಸ್ತಕದಲ್ಲಿ ಮೂರು ಚಿತ್ರಗಳಾಗಿದ್ದ ಆ ವರ್ಗಗಳು ಕುರ್ಚಿಯಲ್ಲಿ ಕುಳಿತ ಮಕ್ಕಳ ಬಾಯಲ್ಲಿ ಅಷ್ಟು ಸುಲಭವಾಗಿ ಗುರುತಿಗೆ ಸಿಗಲಿಲ್ಲವಂತೆ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ತೆಳುವಾದ ತಂತುಪೊರೆಯೊಂದಿದೆ. ತಂತಿಯ ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಎಳೆತವಿರುವ ಕಡೆ ಹೊಸ ಎಲುಬು ಬೆಳೆಯುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಅವಸರಪಟ್ಟು ಬಿಗಿ ಹೆಚ್ಚಿಸಿದರೆ ಆ ಪೊರೆಗೆ ರಕ್ತ ಹರಿಯುವುದು ನಿಂತು, ಹಲ್ಲು ಇದ್ದಲ್ಲೇ ತಡೆದು ನಿಲ್ಲುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದವನಿಗೆ ಈ ನಿಯಮ ಅಪರಿಚಿತವೆನಿಸಲಿಲ್ಲ.

ಒಮ್ಮೆ ಅವಳು ಬೇಸರದಿಂದ ಕೇಳಿದಳು: "ಅಜ್ಜ, ಇದು ಬರೀ ಅಂದಕ್ಕಾಗಿ ಮಾಡುವ ಕೆಲಸವೇ? ಇದಕ್ಕಾಗಿ ಹತ್ತು ವರ್ಷ ಓದಬೇಕೇ?"

ಆಗ ನಾನು ನಮ್ಮ ಶಾಲೆಯ ಹುಡುಗಿಯೊಬ್ಬಳ ಕಥೆ ಹೇಳಿದೆ. ಅವಳದು ಉಬ್ಬುಹಲ್ಲು. ಇಡೀ ತರಗತಿಯಲ್ಲೇ ಇಂಪಾದ ಕಂಠ. ಆದರೂ ಪದ್ಯ ಓದಲು ಎದ್ದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು; ವಾರ್ಷಿಕೋತ್ಸವದಲ್ಲಿ ಹಾಡಲು ಎಷ್ಟು ಹೇಳಿದರೂ ಒಪ್ಪಲಿಲ್ಲ. ಕಬಡ್ಡಿಯಲ್ಲಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡ ಹುಡುಗನೂ ಉಬ್ಬುಹಲ್ಲಿನವನೇ. ಮುಂಚಾಚಿದ ಹಲ್ಲುಗಳಿಗೆ ಪೆಟ್ಟು ಬೀಳುವ ಸಂಭವ ಹೆಚ್ಚೆಂಬುದನ್ನು ಮೊಮ್ಮಗಳೇ ನನಗೆ ಹೇಳಿದ್ದಳು. ಆ ಕಾಲದಲ್ಲಿ ನಮ್ಮೂರಿನಲ್ಲಿ ಹಲ್ಲಿನ ವೈದ್ಯರೆಂದರೆ ಹಲ್ಲು ಕೀಳುವವರು ಅಷ್ಟೆ.

ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. "ಆಮೇಲೆ ಅವಳು ಹಾಡಿದಳೇ ಅಜ್ಜ?" ಎಂದಳು. ನಾನು ಕೇಳುವಂತೆ ಹಾಡಲಿಲ್ಲ ಎಂದೆ.

ಈ ಬರಹವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಅಜ್ಜ ಅಜ್ಜಿಯರಾಗಿದ್ದೀರಿ. ಮಕ್ಕಳಿಗೆ 7 ವರ್ಷ ತುಂಬುವುದರೊಳಗೆ ಒಮ್ಮೆ ಈ ತಜ್ಞರಿಗೆ ತೋರಿಸುವುದು ಒಳ್ಳೆಯದೆಂದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಹೇಳುತ್ತದೆ. ತೋರಿಸಿದವರಿಗೆಲ್ಲ ತಂತಿ ಹಾಕುವುದಿಲ್ಲ. ಬಹಳಷ್ಟು ಮಕ್ಕಳಿಗೆ ಕಾದು ನೋಡುವುದಷ್ಟೇ ಸಾಕಾಗುತ್ತದೆ.

ಮೊಮ್ಮಗಳು ಮರುವಾರವೂ ಆ ಕ್ಲಿನಿಕ್ಕಿಗೆ ಹೋದಳು. ಮುಂದಿನ ಬೇಸಿಗೆಗೂ ಅಲ್ಲಿಯೇ ಅನುಮತಿ ಕೇಳಿದ್ದಾಳೆ.